ಇಪ್ಪತ್ತೇಳು ಇಂಚು ನಿದ್ದೆ

"ಈ ವಾರ ಮುಗಿಯೋದ್ರೊಳಗೆ ನಿದ್ದೇನ ಕೈಯಾರೆ ಹಿಡಿದು ನಿನ್ನ ಮುಂದೆ ನಿಲ್ಲಿಸ್ತೀನಿ, ನೋಡ್ತಾ ಇರು!"

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಟೈಲರ್ ಮಾಸ್ಟರ್ ಹೀಗೆ ಘೋಷಿಸಿದರು. ತಾವು ಕೈ ಒರೆಸಿಕೊಳ್ಳುತ್ತಿದ್ದುದು ಟವೆಲ್ಲಿಗಲ್ಲ, ಯಾರೋ ಹೊಲಿಯಲು ಕೊಟ್ಟ ಪೈಜಾಮಕ್ಕೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಹೆಂಡತಿ ಪೈಜಾಮ ಕಿತ್ತುಕೊಂಡು ಟವೆಲ್ಲು ಕೊಟ್ಟರು.

"ನೀವು ಅದನ್ನ ಹಿಡಿಯೋದೇನು ಬಂತು? ಅದೇ ನಿಮ್ಮನ್ನ ದಿನಾ ಎರಡು ಗಂಟೆಗೆ ಸರಿಯಾಗಿ ಹಿಡೀತಿದೆ."

"ಅದು ನಿದ್ದೆ ಅಲ್ಲ ಕಣೇ. ಕಣ್ಣು ಮುಚ್ಕೊಂಡು ಯೋಚನೆ ಮಾಡೋದು."

"ಯೋಚನೆ ಗೊರಕೆ ಹೊಡೆಯುತ್ತೇನ್ರೀ?"

"ಆಳವಾದ ಯೋಚನೆ ಹೊಡೆಯುತ್ತೆ!"

ಜಗಳದ ಮೂಲ ಒಂದು ಕುರ್ಚಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ನಡುವೆ ಒಂದು ಪರದೆ. ಇಷ್ಟೇ ಅವರ ಸಾಮ್ರಾಜ್ಯ. ಯಾವುದೋ ಶಾಲೆ ಮುಚ್ಚಿದಾಗ ಅಲ್ಲಿನ ಹೆಡ್‌ಮಾಸ್ಟರ ಕುರ್ಚಿಯನ್ನು ಇವರು ಹೊತ್ತು ತಂದು ಅಂಗಡಿಯ ನಟ್ಟನಡುವೆ ಪ್ರತಿಷ್ಠಾಪಿಸಿದ್ದರು. ಎತ್ತರದ ಬೆನ್ನು, ಅಗಲವಾದ ಕೈಗಳು. ಕೂತವರು ತಪ್ಪು ಮಾಡಿದವರಂತೆ ತಾವಾಗಿಯೇ ನೆಟ್ಟಗಾಗಬೇಕು. ಅದರಲ್ಲಿ ಕೂತು ಎರಡರಿಂದ ಮೂರು ಗಂಟೆಯವರೆಗೆ ಮಾಸ್ಟರ್ 'ಯೋಚನೆ' ಮಾಡುತ್ತಿದ್ದರು. ಆ ಜಾಗದಲ್ಲಿ ಇಸ್ತ್ರಿ ಮೇಜು ಬರಬೇಕೆಂದು ಹೆಂಡತಿಗೆ ಹನ್ನೊಂದು ವರ್ಷದ ಆಸೆ. ಅಲ್ಲಿಯವರೆಗೂ ಅವರು ನೆಲದ ಮೇಲೆ ಕಂಬಳಿ ಹಾಸಿ, ಸೊಂಟ ಬಗ್ಗಿಸಿ ಇಸ್ತ್ರಿ ಉಜ್ಜುತ್ತಿದ್ದರು.

"ಆಯ್ತು," ಎಂದರು ಹೆಂಡತಿ. "ಯಾವ ಕ್ಷಣಕ್ಕೆ ನಿದ್ದೆ ಬಂತು ಅಂತ ಶುಕ್ರವಾರದೊಳಗೆ ನನಗೆ ತೋರಿಸಿಕೊಡಿ. ತೋರಿಸಿದ್ರೆ ಕುರ್ಚಿ ಇರುತ್ತೆ. ಇಲ್ದಿದ್ರೆ ಶನಿವಾರ ಅದು ಹೊರಗೆ, ನನ್ನ ಮೇಜು ಒಳಗೆ."

"ಒಪ್ಪಿದೆ!"

ಪಂದ್ಯದ ಮಾತು ಹಾಗಿರಲಿ, ಮಾಸ್ಟರಿಗೆ ನಿಜವಾಗಿಯೂ ಕುತೂಹಲ ಹತ್ತಿತ್ತು. ಎರಡು ಬಟ್ಟೆ ಎಲ್ಲಿ ಕೂಡಿದರೂ ಅಲ್ಲೊಂದು ಹೊಲಿಗೆ ಇರಲೇಬೇಕು ಎಂಬುದು ಅವರು ಮೂವತ್ತು ವರ್ಷ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕಲಿತ ವಿದ್ಯೆ. ಹಾಗಿರುವಾಗ ಎಚ್ಚರಕ್ಕೂ ನಿದ್ದೆಗೂ ನಡುವೆ ಹೊಲಿಗೆ ಇರುವುದಿಲ್ಲವೇ? ಇದ್ದರೆ ಎಂಥದ್ದು? ಒಂದೆಳೆ ಎಳೆದರೆ ಬಿಚ್ಚಿಹೋಗುವ ಕಚ್ಚಾ ಹೊಲಿಗೆಯೋ, ಮಷೀನಿನ ಗಟ್ಟಿ ಹೊಲಿಗೆಯೋ? ಐವತ್ತೆರಡು ವರ್ಷದಿಂದ ದಿನವೂ ದಾಟಿದ ಗಡಿ, ಮಧ್ಯಾಹ್ನದ ಲೆಕ್ಕವನ್ನೂ ಹಿಡಿದರೆ ದಿನಕ್ಕೆ ಎರಡು ಬಾರಿ. ಒಂದು ಸಲವಾದರೂ ಕಣ್ಣಿಗೆ ಬಿದ್ದಿದೆಯೇ! ಹಾಸಿಗೆಯಲ್ಲಿ ಮಲಗಿದರೆ ನಿದ್ದೆ ಮೋಸ ಮಾಡುತ್ತದೆ, ಹಿಂದಿನ ಬಾಗಿಲಿಂದ ನುಗ್ಗುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಅದು ಮುಂಬಾಗಿಲಿನಿಂದಲೇ ಬರಬೇಕು, ಆಗ ಕೊರಳಪಟ್ಟಿ ಹಿಡಿಯಬಹುದು. ಇದು ಮಾಸ್ಟರ ಸಿದ್ಧಾಂತ.

ಬುಧವಾರ ಮೊದಲ ಪ್ರಯೋಗ. ಮಾಸ್ಟರ್ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ "ಎಚ್ಚರ... ಎಚ್ಚರ..." ಎಂದು ಹೇಳಿಕೊಳ್ಳತೊಡಗಿದರು. ಆಮೇಲೆ ಕಣ್ಣು ತೆರೆದವರೇ ಕೂಗಿದರು.

"ಹತ್ತು ನಿಮಿಷ ಆಯ್ತು, ನಿದ್ದೇನೇ ಬರಲಿಲ್ಲ!"

"ಐವತ್ತು ನಿಮಿಷ ಆಯ್ತು," ಹೆಂಡತಿ ಗೋಡೆ ಗಡಿಯಾರದ ಕಡೆ ಕತ್ತರಿ ತೋರಿಸಿದರು.

"ಆಗಿರಬಹುದು. ಆದ್ರೆ ಪ್ರತಿಯೊಂದೂ ಕೇಳಿಸ್ತಿತ್ತು ನಂಗೆ."

"ಹಾಗಾದ್ರೆ ನಾನೇನು ಕೇಳ್ದೆ, ಹೇಳಿ?"

"ನೀನೇನೂ ಕೇಳಲೇ ಇಲ್ಲ."

"ಗುಂಡಿ ಡಬ್ಬ ಎಲ್ಲಿ ಅಂತ ಮೂರು ಸಲ ಕೇಳ್ದೆ. ಎರಡು ಸಲ 'ಹೂಂ' ಅಂದ್ರಿ. ಮೂರನೇ ಸಲ 'ಅದಕ್ಕೆ ಹುಲ್ಲು ಹಾಕಿದೀನಿ, ಸಂಜೆ ತಾನೇ ಬರುತ್ತೆ' ಅಂದ್ರಿ."

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಮಾಸ್ಟರ್ ಬೆರಗಿನಿಂದ ಎದ್ದು ನಿಂತರು.

"ನಾನಂದೆನಾ? ಅಂದ್ರೆ ನಾನು ಇಲ್ಲದಾಗ ಅಂಗಡಿ ನೋಡ್ಕೊಳ್ಳೋಕೆ ಒಳಗೆ ಇನ್ನೊಬ್ಬ ಇದ್ದಾನೆ ಕಣೇ!"

"ಇದ್ರೆ ಅವನ ಕೈಲಿ ನಾಲ್ಕು ಗುಂಡಿ ಕಾಜಾ ಹಾಕಿಸಿ. ನಿಮ್ಮ ಕೈಲಂತೂ ಆಗ್ತಿಲ್ಲ."

ಗುರುವಾರ ಮಾಸ್ಟರ್ ಅಳತೆಯ ಟೇಪು ಹಿಡಿದು ಕೂತರು. ಒಂದು ಉಸಿರಿಗೆ ಒಂದು ಇಂಚಿನಂತೆ ಟೇಪನ್ನು ಬೆರಳ ಸಂದಿಯಿಂದ ಎಳೆಯುತ್ತಾ ಹೋಗುವುದು, ಎಷ್ಟನೇ ಇಂಚಿನಲ್ಲಿ ತಾನು ತಪ್ಪಿಹೋದೆ ಎಂದು ನೋಡುವುದು. ವೈಜ್ಞಾನಿಕ ಎಂದರೆ ಇದು! ಹದಿನಾಲ್ಕನೇ ಇಂಚು ಚೆನ್ನಾಗಿ ನೆನಪಿತ್ತು. ಎಚ್ಚರವಾದಾಗ ಬೆರಳು ನಲವತ್ತೊಂದರ ಮೇಲಿತ್ತು. ಕೈ ತನ್ನ ಪಾಡಿಗೆ ಕೆಲಸ ಮುಂದುವರಿಸಿತ್ತು! ಮಾಸ್ಟರ್ ಸಂಭ್ರಮದಿಂದ ಅಳತೆಯ ಪುಸ್ತಕ ತೆರೆದು, ಗಿರಾಕಿಗಳ ಎದೆ, ಸೊಂಟ, ತೋಳುಗಳ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡರು: ನಿದ್ದೆ, ಇಪ್ಪತ್ತೇಳು ಇಂಚು.

"ಉದ್ದಾನೋ, ಸುತ್ತಳತೆನೋ?" ಹೆಂಡತಿ ಕೇಳಿದರು.

"ನಗಬೇಡ. ಜಗತ್ತಲ್ಲಿ ನಿದ್ದೇನ ಟೇಪಲ್ಲಿ ಅಳೆದ ಮೊದಲನೇ ಮನುಷ್ಯ ನಾನು."

"ಅಳೆದದ್ದು ಸರಿ. ಯಾವ ಇಂಚಿಗೆ ನಿದ್ದೆ ಬಂತು?"

"ಹದಿನಾಲ್ಕರಲ್ಲಿ ನಾನು ಇದ್ದೆ. ಹದಿನೈದರಲ್ಲಿ... ಇದ್ದೆ ಅಂತ ಕಾಣುತ್ತೆ..."

"ಇದ್ದೆಗೂ ನಿದ್ದೆಗೂ ಒಂದೇ ಅಕ್ಷರ ವ್ಯತ್ಯಾಸ ರೀ. ಆ ಒಂದಕ್ಷರಾನೇ ನಾನು ಕೇಳ್ತಿರೋದು. ನಾಳೆ ಶುಕ್ರವಾರ, ನೆನಪಿರಲಿ."

ಶುಕ್ರವಾರ ಇನ್ನೊಂದು ಕೆಲಸವೂ ತಲೆಯ ಮೇಲಿತ್ತು. ಲೈಬ್ರರಿ ಮೇಡಮ್ಮಿನ ಕೋಟು.

ಊರಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಮೇಜಿನ ಹಿಂದೆ ಕೂತು, ಕೆಮ್ಮಿದವರನ್ನೂ ಕಣ್ಣಲ್ಲೇ ಸುಟ್ಟ ಮೇಡಮ್ಮಿಗೆ ಶನಿವಾರ ಬೆಳಿಗ್ಗೆ ಬೀಳ್ಕೊಡುಗೆ. ಆ ಸಮಾರಂಭಕ್ಕೆಂದೇ ಒಂದು ಉದ್ದನೆಯ ಕಪ್ಪು ಕೋಟು. ಬಟ್ಟೆ ಅವರದೇ, ಹದಿನೈದು ವರ್ಷ ಟ್ರಂಕಿನಲ್ಲಿ ಕಾದಿಟ್ಟದ್ದು. ಅಂಥ ನೆಯ್ಗೆ ಈಗ ಹುಡುಕಿದರೂ ಸಿಗುವುದಿಲ್ಲ. ಕೊಡುವಾಗ ಅವರು ತಮ್ಮ ಲೈಬ್ರರಿ ದನಿಯಲ್ಲಿ, ಅಂದರೆ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆತ್ತಗೆ, ಹೇಳಿದ್ದರು: "ನನ್ನ ಬಲಭುಜ ಸ್ವಲ್ಪ ಇಳಿದಿದೆ ಮಾಸ್ಟರ್. ಅವತ್ತು ಎಲ್ಲರೂ ನನ್ನ ಬೆನ್ನು ನೋಡ್ತಾರೆ. ಅದು ಕಾಣಬಾರದು. ಬಟ್ಟೆ ಒಂದು ಇಂಚೂ ಹಾಳಾಗಬಾರದು."

ಮುಂಭಾಗ, ತೋಳು, ಕಾಲರು ಎಲ್ಲ ಸಿದ್ಧವಾಗಿ, ಬೆನ್ನಿನ ತುಂಡೊಂದು ಉಳಿದಿತ್ತು. ಭುಜದ ತಗ್ಗನ್ನು ಹೇಗೆ ಮುಚ್ಚುವುದೆಂದು ಮಾಸ್ಟರಿಗೆ ಹೊಳೆದಿರಲಿಲ್ಲ. "ಯೋಚಿಸಿ ಗೆರೆ ಹಾಕ್ತೀನಿ," ಎಂದು ಹೆಂಡತಿಗೆ ಹೇಳಿದ್ದರು.

ಇಲ್ಲಿ ಆ ಮನೆಯ ಒಂದು ಕಾನೂನನ್ನು ಹೇಳಲೇಬೇಕು. ಮದುವೆಯಾದ ಹೊಸತರಲ್ಲಿ ಮಾಸ್ಟರ್ ಹರಟುತ್ತಾ ಕತ್ತರಿಸಿ ಒಂದೇ ಅಂಗಿಗೆ ಎರಡು ಎಡಗೈ ತೋಳು ಮಾಡಿದ್ದರು. ಅಂದಿನಿಂದ ಕತ್ತರಿ ಹೆಂಡತಿಯ ಕೈ ಸೇರಿತು. ಬೀದಿಯವರಿಗೆಲ್ಲ ಅವರು 'ಕತ್ತರಿ ಅಕ್ಕ' ಆದರು. ಗೆರೆ ಗಂಡನದು, ಕತ್ತರಿ ಹೆಂಡತಿಯದು. ಗೆರೆ ಏಕೆ ಹೀಗೆ ಎಂದು ಅಕ್ಕ ಕೇಳುವಂತಿಲ್ಲ. ಕತ್ತರಿಸಿದ್ದು ಏಕೆ ಹಾಗೆ ಎಂದು ಮಾಸ್ಟರ್ ಕೇಳುವಂತಿಲ್ಲ. ಈ ಒಂದು ಕಾನೂನಿನಿಂದಲೇ ಇಪ್ಪತ್ತಾರು ವರ್ಷದ ಸಂಸಾರ ಒಂದು ಹೊಲಿಗೆಯೂ ಬಿಡದೆ ನಡೆದಿತ್ತು.

ಶುಕ್ರವಾರ ಎರಡು ಗಂಟೆಗೆ ಮಾಸ್ಟರ್ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕೋಟಿನ ಬೆನ್ನಿನ ತುಂಡು ಹರಡಿ, ಚಾಕ್‌ಪೀಸು ಹಿಡಿದು ಭುಜದ ಬಗ್ಗೆ ಯೋಚಿಸಲು ಕೂತರು. ಆಗ ಎರಡು ಘಟನೆಗಳು ಒಟ್ಟಿಗೆ ನಡೆದವು. ತಲೆಯಲ್ಲಿ ಮಹಾ ಉಪಾಯವೊಂದು ಹೊಳೆಯಿತು. ಕಣ್ಣಿಗೆ ನಿದ್ದೆ ಹತ್ತಿತು.

ಟೇಪು ಅಳೆಯುತ್ತದೆಯೇ ಹೊರತು ಗುರುತು ಉಳಿಸುವುದಿಲ್ಲ. ಚಾಕ್‌ಪೀಸು ಉಳಿಸುತ್ತದೆ! ನೆಟ್ಟಗೆ ಒಂದು ಗೆರೆ ಎಳೆಯುತ್ತಾ ಹೋದರೆ, ಅದು ಎಲ್ಲಿ ಸೊಟ್ಟಗಾಯಿತೋ ಅಲ್ಲೇ ನಿದ್ದೆ! ಚಿಂದಿಯ ಚೀಲ ಪರದೆಯ ಆಚೆಗಿತ್ತು. ನಿದ್ದೆ ಆಗಲೇ ಹೊಸ್ತಿಲಿಗೆ ಬಂದಿತ್ತು. ಬಾಗಿಲಿಗೆ ಬಂದ ನೆಂಟರನ್ನು ನಿಲ್ಲಿಸಿ ಚಿಂದಿ ಹುಡುಕಲು ಹೋಗುವುದುಂಟೇ? 'ಚಾಕ್ ತಾನೆ, ಆಮೇಲೆ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ' ಎಂದುಕೊಂಡು ಮಾಸ್ಟರ್ ಆ ಕಪ್ಪು ಬಟ್ಟೆಯ ಬಲಭುಜದಿಂದಲೇ ಗೆರೆ ಶುರುಮಾಡಿದರು. ನಿಧಾನವಾಗಿ. ಒಂದು ಉಸಿರಿಗೆ ಒಂದಿಷ್ಟು. ನಾನು ಇಲ್ಲೇ ಇದ್ದೇನೆ... ಇಲ್ಲೇ ಇದ್ದೇನೆ... ಚಾಕಿನ ಸದ್ದು ಕೇಳುತ್ತಿದೆ... ಯಾರೋ ದೂರದಲ್ಲಿ ಬೆಲ್ಲು ಹೊಡೆಯುತ್ತಿದ್ದಾರೆ... ಬೆಲ್ಲಿಗೊಂದು ಗುಂಡಿ ಹಾಕಬೇಕು...

ಕಣ್ಣು ತೆರೆದಾಗ ಮೂರೂಕಾಲು. ಹಲಗೆ ಖಾಲಿ.

"ಲೇ! ನನ್ನ ಗೆರೆ ಎಲ್ಲಿ?"

"ಕತ್ತರಿಸಿ ಆಯ್ತು," ಪರದೆಯ ಆಚೆಯಿಂದ ಅಕ್ಕನ ದನಿ ಬಂತು.

"ಏನನ್ನ?"

"ಗೆರೆನ. ನೀವು ಯೋಚಿಸಿ ಹಾಕ್ತೀನಿ ಅಂದಿದ್ರಲ್ಲ, ಭುಜದ್ದು."

ಮಾಸ್ಟರ್ ಪರದೆ ಸರಿಸಿ ಓಡಿದರು. ಬೆನ್ನಿನ ತುಂಡು ಈಗ ಎರಡಾಗಿತ್ತು. ಎರಡನ್ನೂ ಕೂಡಿಸಿ ನೋಡಿದರು. ಭುಜದಿಂದ ಗೇಣುದ್ದ, ಅಡಿಪಟ್ಟಿ ಇಟ್ಟಂತೆ ನೆಟ್ಟಗೆ. ಅಲ್ಲಿಂದ ಮುಂದೆ ಗೆರೆ ಮೆಲ್ಲಗೆ ವಾಲಿ, ಅವಸರವಿಲ್ಲದೆ, ಯಾರ ಹಂಗೂ ಇಲ್ಲದೆ, ಉದ್ದಕ್ಕೆ ಬಾಗುತ್ತಾ ಸೊಂಟದ ಹತ್ತಿರ ಪಕ್ಕದ ಅಂಚಿನಿಂದ ಹೊರಗೆ ಹೋಗಿತ್ತು.

"ಇಲ್ಲಿ!" ಮಾಸ್ಟರ್ ಕಿರುಚಿದರು. "ಇಲ್ಲೇ ಕಣೇ! ಈ ಜಾಗ! ಇಲ್ಲಿಯವರೆಗೆ ನಾನು, ಇಲ್ಲಿಂದಾಚೆ ಅವನು!"

"ಯಾರು ಅವನು?"

"ಗುಂಡಿ ಡಬ್ಬಕ್ಕೆ ಹುಲ್ಲು ಹಾಕಿದವನು! ನೋಡು, ಒಂದು ಮೂಲೆ ಇಲ್ಲ, ಗಂಟಿಲ್ಲ. ಹೊಲಿಗೇನೇ ಇಲ್ಲ ಕಣೇ, ಒಂದೇ ಬಟ್ಟೆ ತಿರುಗಿಕೊಂಡು ಹೋಗುತ್ತೆ! ಸಿಕ್ತು! ಕುರ್ಚಿ ಉಳೀತು!"

ಅಕ್ಕ ಕತ್ತರಿಯನ್ನು ಕೆಳಗಿಟ್ಟರು. ಅವರು ಕತ್ತರಿ ಕೆಳಗಿಟ್ಟರೆಂದರೆ ವಿಷಯ ಗಂಭೀರ.

"ಅಂದ್ರೆ... ಇದು ಭುಜದ ಗೆರೆ ಅಲ್ವಾ?"

"ಇದು ನಿದ್ದೆಯ ಗೆರೆ!"

"ಕೋಟಿನ ಮೇಲೆ?"

ಮಾಸ್ಟರ ಮುಖದ ನಗು, ಬಿಸಿ ಇಸ್ತ್ರಿ ತಗುಲಿದ ನೈಲಾನಿನ ಹಾಗೆ ಮುದುಡಿತು. ಈಗ ಅವರಿಗೆ ಕೋಟು ಕಂಡಿತು.

"ನಿದ್ದೆ ಮಾಡ್ತಿರೋ ಮನುಷ್ಯನ ಗೆರೆ ಕತ್ತರಿಸ್ತಾರೇನೇ ಯಾರಾದ್ರೂ?"

"ನೀವೇ ತಾನೆ ದಿನಾ ಹೇಳೋದು, ಅದು ನಿದ್ದೆ ಅಲ್ಲ, ಯೋಚನೆ ಅಂತ! ಇಪ್ಪತ್ತಾರು ವರ್ಷದಲ್ಲಿ ಇವತ್ತು ಮೊದಲನೇ ಸಲ ನಂಬಿದೆ!"

ಮಾಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಕಡೆ ಹೆಜ್ಜೆ ಸಪ್ಪಳವಾಯಿತು. ಬಾಗಿಲಲ್ಲಿ ಲೈಬ್ರರಿ ಮೇಡಮ್ ನಿಂತಿದ್ದರು!

"ಆರು ಗಂಟೆಗೆ ಅಂದಿದ್ರಿ, ಗೊತ್ತು," ಎಂದರು ಅವರು ಮೆತ್ತಗೆ. "ಇವತ್ತು ಕೀಲಿಕೈ ಒಪ್ಪಿಸಿ ಬಂದೆ. ಮನೇಲಿ ಏನು ಮಾಡೋದೋ ತಿಳೀಲಿಲ್ಲ. ಇಲ್ಲೇ ಕೂತಿರ್ತೀನಿ, ನೀವು ನಿಮ್ಮ ಕೆಲಸ ಮಾಡಿ."

ಕೂತದ್ದು ಅದೇ ಕುರ್ಚಿಯಲ್ಲಿ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಗಲ್ಲ ಒಂದು ಕೂದಲಷ್ಟೂ ಇಳಿಯದೆ. ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿದವು.

ಗಂಡ ಹೆಂಡತಿ ಪರದೆಯ ಸಂದಿಯಿಂದ ಇಣುಕಿದರು.

"ಹೇಳಿಬಿಡೋಣ," ಮಾಸ್ಟರ್ ಪಿಸುಗುಟ್ಟಿದರು.

"ಏನಂತ? ನಿಮ್ಮ ಕೋಟಿನ ಮೇಲೆ ನಮ್ಮ ಯಜಮಾನರು ನಿದ್ದೆ ಮಾಡಿದ್ರು ಅಂತಾನಾ? ಸುಮ್ನಿರಿ. ಬಲಗಡೆ ಕತ್ತರಿಸಿದ್ದನ್ನ ಮಗುಚಿ ಎಡಗಡೆ ಮೇಲೆ ಇಡಿ, ಅದೇ ಗೆರೆ ಹಾಕಿ. ಅಲ್ಲೂ ಕತ್ತರಿಸ್ತೀನಿ. ಎರಡೂ ಕಡೆ ಒಂದೇ ಥರ ಸೊಟ್ಟಗಿದ್ರೆ ಅದು ತಪ್ಪಲ್ಲ, ಫ್ಯಾಶನ್ನು."

"ಹೊಲಿದ್ರೆ ಬಟ್ಟೆ ಕಮ್ಮಿ ಬೀಳುತ್ತಲ್ಲೇ."

"ಪಕ್ಕದಲ್ಲಿ ಒಳಮಡಿಕೆ ಬಿಟ್ಟಿದ್ದೀರಲ್ಲ, ಬಿಚ್ಚಿ. ಫಾರಿನ್ ಕಟ್ ಅಂತ ಹೇಳಿ."

"ಮೆಲ್ಲಗೆ! ಮೇಡಮ್ ಎದ್ದುಬಿಟ್ಟಾರು."

"ನಿಜವಾಗಿ ಮಲಗಿದಾರಾ?"

ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಊರಿನಲ್ಲಿ ಒಬ್ಬರೇ. ಮಾಸ್ಟರ್ ತುದಿಗಾಲಲ್ಲಿ ಹೋಗಿ, ಮೇಡಮ್ಮಿನ ಮೂಗಿನ ಮುಂದೆ ಚಾಕ್‌ಪೀಸು ಆಡಿಸಿ, ಉಸಿರು ಎಣಿಸಿ, ತಜ್ಞರ ಗತ್ತಿನಲ್ಲಿ ಮರಳಿದರು.

"ಪೂರ್ತಿ ನಿದ್ದೆ. ಉಸಿರಿನ ಉದ್ದ ನೋಡಿದ್ರೇ ಗೊತ್ತಾಗುತ್ತೆ. ನನ್ನ ಲೆಕ್ಕದಲ್ಲಿ ಈಗ ಇಪ್ಪತ್ತನೇ ಇಂಚಲ್ಲಿದಾರೆ. ಇಪ್ಪತ್ತೇಳು ಆಗೋವರೆಗೆ ಏಳಲ್ಲ."

"ಅದೇನೋ ನಿಮ್ಮ ಇಪ್ಪತ್ತೇಳು ಇಂಚು! ಮೊದಲು ಆ ಗೆರೆ ಹಾಕಿ."

ಅಲ್ಲಿಂದ ಎರಡೂವರೆ ಗಂಟೆ ಕಾಲ ಆ ಮನೆಯಲ್ಲಿ ನಡೆದದ್ದು ಯುದ್ಧ, ಆದರೆ ಪಿಸುಮಾತಿನ ಯುದ್ಧ. "ಸೂಜಿ!" "ನಿಮ್ಮ ಬಾಯಲ್ಲೇ ಇದೆ!" "ಅಸ್ತರು ಎಳೀ!" "ನನ್ನ ಸೆರಗು ಹೊಲೀತಿದೀರಿ ರೀ!" ಮಷೀನನ್ನು ಮಾಸ್ಟರ್ ಕಾಲಿನಿಂದ ತುಳಿಯದೆ ಕೈಯಿಂದ ಚಕ್ರ ತಿರುಗಿಸಿ, ಒಂದೊಂದೇ ಹೊಲಿಗೆಯಾಗಿ ಓಡಿಸಿದರು. ಅಕ್ಕ ನೆಲದ ಮೇಲೆ ಕೂತು ಇಸ್ತ್ರಿ ಒತ್ತುತ್ತಾ, "ಇವರ ಭುಜ ಇಳಿಯದೆ ಇನ್ನೇನು? ಮೂವತ್ತೊಂದು ವರ್ಷ ಬಲಗೈ ಎತ್ತಿ ಎತ್ತಿ 'ಶ್!' ಅಂದಿದಾರೆ," ಎಂದು ಪಿಸುಗುಟ್ಟಿದರು. ಮಾಸ್ಟರ್ ನಗು ತಡೆಯಲು ಹೋಗಿ ಬೆರಳಿಗೆ ಚುಚ್ಚಿಕೊಂಡರು.

ಆರು ಗಂಟೆಗೆ ಸರಿಯಾಗಿ ಮೇಡಮ್ ಕಣ್ಣು ತೆರೆದರು. ಮಾಸ್ಟರ್ ಕೋಟು ತೊಡಿಸಿ, ಎರಡು ಕನ್ನಡಿಗಳ ನಡುವೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡರು.

"ಬೆನ್ನ ಮೇಲೆ ಎರಡು ಬಳುಕು ಗೆರೆ ಇದೆಯಲ್ಲ ಮೇಡಮ್, ಇದು ಫಾರಿನ್ ಕಟ್. ನಮ್ಮ ಕಡೆ ಯಾರಿಗೂ ಬರೋದಿಲ್ಲ. ಬಹಳ ಯೋಚನೆ ಮಾಡಿ ಹಾಕಿದ್ದು!"

ಮೇಡಮ್ ಪೂರ್ತಿ ಕೇಳಿಸಿಕೊಂಡರು. ನಂತರ ಕನ್ನಡಿಯಲ್ಲೇ, ಬೆನ್ನ ಹಿಂದಕ್ಕೆ ಬೆರಳು ಚಾಚಿ ತೋರಿಸಿದರು.

"ಭುಜದಿಂದ ಗೇಣುದ್ದ ನೆಟ್ಟಗೆ ಬಂದು ಆಮೇಲೆ ಬಾಗಿದೆ. ಇಲ್ಲಿ ತಾನೆ ನಿಮಗೆ ನಿದ್ದೆ ಬಂದದ್ದು?"

ಮಾಸ್ಟರ ಬೆರಳಿಗಿದ್ದ ಲೋಹದ ಟೋಪಿ, ಅಂಗುಸ್ತಾನ, ಕಳಚಿ ಕೆಳಗೆ ಬಿದ್ದು, ಉರುಳುತ್ತಾ ಹೋಗಿ ಗೋಡೆಗೆ ತಾಗಿತು.

"ನೀವು... ಮಲಗಿದ್ರಲ್ಲ ಮೇಡಮ್?"

"ಮಲಗಿದ್ದೆ. ಚೆನ್ನಾಗೇ ಮಲಗಿದ್ದೆ. ಮೂವತ್ತೊಂದು ವರ್ಷ ಆ ಮೇಜಿನ ಹಿಂದೆ ದಿನಾ ಎರಡರಿಂದ ಮೂರು ಗಂಟೆವರೆಗೆ ಮಲಗಿದ್ದೀನಿ. ಒಬ್ಬರಿಗೂ ಗೊತ್ತಾಗಿಲ್ಲ. ನನ್ನ ಮುಂದೆ ಏನು ಬೇಕಾದ್ರೂ ಮಾಡ್ಬಹುದು ಮಾಸ್ಟರ್. ಪುಟ ಹರಿಯೋದು, ಪಿಸುಗುಟ್ಟೋದು, ಇವೆರಡು ಮಾಡಬಾರದು. ಮಷೀನ್ ಜೋರಾಗಿ ತುಳಿದಿದ್ರೆ ನನಗೆ ಏನೂ ಕೇಳಿಸ್ತಿರಲಿಲ್ಲ."

ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, 'ಶ್' ಎಂಬ ತಮ್ಮ ಮಾತು ನೆನಪಾಗಿ, ನೆಲ ನೋಡುತ್ತಿದ್ದರು. ಮಾಸ್ಟರಿಗೆ ಮಾತ್ರ ನಾಚಿಕೆ, ಭಯ ಎರಡೂ ಮರೆತುಹೋದವು. ಬಾಯಿಂದ ಬಂದದ್ದು ಕ್ಷಮೆಯಲ್ಲ.

"ಹೇಗೆ ಮೇಡಮ್? ದಯವಿಟ್ಟು ಹೇಳಿ! ಮೂರು ದಿನದಿಂದ ಒದ್ದಾಡ್ತಿದ್ದೀನಿ. ಅದು ಬರೋದು ಕಾಣುತ್ತಾ ನಿಮಗೆ?"

ಮೇಡಮ್ ಕನ್ನಡಿಯಿಂದ ಇತ್ತ ತಿರುಗಿದರು. ಯಾರೂ ಅವರನ್ನು ಹೀಗೆ ಕೇಳಿರಲಿಲ್ಲವೆಂದು ಕಾಣುತ್ತದೆ.

"ನಾನು ಯಾವತ್ತೂ ನೋಡೋಕೆ ಹೋಗಿಲ್ಲ. ನೀವು ನಿದ್ದೇನ ಕಾಯ್ತಾ ಕೂತಿರ್ತೀರಿ, ಅದಕ್ಕೆ ಅದು ನಿಮ್ಮನ್ನ ಪೂರ್ತಿ ಎತ್ಕೊಂಡು ಹೋಗುತ್ತೆ. ನಾನು ಪುಸ್ತಕಗಳನ್ನ ಕಾಯ್ತಿದ್ದೆ. ನಿದ್ದೆ ಅದರ ಪಾಡಿಗೆ ಅದು ಬಂದು ಹೋಗೋದು." ಮತ್ತೆ ಕನ್ನಡಿಯ ಕಡೆ ತಿರುಗಿ ಬಲಭುಜ ನೋಡಿಕೊಂಡರು. ಬಾಗಿದ ಗೆರೆ ಕಣ್ಣನ್ನು ಭುಜದಲ್ಲಿ ನಿಲ್ಲಗೊಡದೆ ಕೆಳಗೆ ಎಳೆದುಕೊಂಡು ಹೋಗುತ್ತಿತ್ತು. "ತಗ್ಗು ಕಾಣ್ತಿಲ್ಲ. ನೀವು ಎಚ್ಚರವಾಗಿದ್ದಿದ್ರೆ ಹೀಗೆ ಬರ್ತಿರಲಿಲ್ಲ, ಅಲ್ವಾ?"

"ಖಂಡಿತ ಬರ್ತಿರಲಿಲ್ಲ," ಎಂದರು ಅಕ್ಕ, ಗಂಡನಿಗಿಂತ ಮೊದಲು.

ಮೇಡಮ್ ಹೊರಟವರು ಕುರ್ಚಿಯ ಕೈ ಸವರಿದರು. "ಒಳ್ಳೆ ಕುರ್ಚಿ. ನಾಡಿದ್ದಿನಿಂದ ಎರಡರಿಂದ ಮೂರರವರೆಗೆ ಎಲ್ಲಿ ಕೂರೋದು ಅಂತಾನೇ ನನಗೆ ಯೋಚನೆ. ಹಾಸಿಗೇಲಿ ನನಗೆ ಆಗೋದಿಲ್ಲ."

"ಇಲ್ಲೇ ಬನ್ನಿ!" ಎಂದುಬಿಟ್ಟರು ಅಕ್ಕ. "ಕುರ್ಚಿ ನಿಮ್ದೇ ಅಂದ್ಕೊಳ್ಳಿ."

"ಲೇ, ಪಂದ್ಯ ಗೆದ್ದದ್ದು ನಾನು!" ಮಾಸ್ಟರ್ ಪಿಸುಗುಟ್ಟಿದರು.

"ಗೆದ್ದದ್ದು ಚಾಕ್‌ಪೀಸು. ನೀವು ಮಲಗಿದ್ರಿ."

"ಅಂದ್ರೆ ಮಂಗಳವಾರ ನೀನಂದದ್ದೇ ಸರಿ, ಅದು ಯೋಚನೆ ಅಲ್ಲ, ನಿದ್ದೆ ಅಂತ ನಾನೇ ಒಪ್ಕೋಬೇಕಾ?"

"ಜೋರಾಗಿ ಮಾತಾಡಿ ಮಾಸ್ಟರ್," ಬಾಗಿಲಿನಿಂದ ಮೇಡಮ್ ಅಂದರು. "ಪಿಸುಗುಟ್ಟಿದ್ರೆ ನನಗೆ ಸ್ಪಷ್ಟವಾಗಿ ಕೇಳಿಸುತ್ತೆ."

ಸೋಮವಾರ ಎರಡು ಗಂಟೆಗೆ ಮೇಡಮ್ ಒಂದು ಪುಸ್ತಕದೊಂದಿಗೆ ಬಂದರು. ಅಷ್ಟರಲ್ಲಿ ಕುರ್ಚಿ ಕಿಟಕಿಯ ಪಕ್ಕಕ್ಕೆ ಹೋಗಿತ್ತು, ಅದರ ಜಾಗಕ್ಕೆ ಇಸ್ತ್ರಿ ಮೇಜು ಬಂದಿತ್ತು. ಅಕ್ಕ ಹನ್ನೊಂದು ವರ್ಷದ ನಂತರ ಸೊಂಟ ನೆಟ್ಟಗಿಟ್ಟು ನಿಂತು ಇಸ್ತ್ರಿ ಹಾಕುತ್ತಿದ್ದರು. ಮಾಸ್ಟರಿಗೆ ಉಳಿದದ್ದು ಮಷೀನಿನ ಮುಂದಿನ ಸ್ಟೂಲು. ಅದಕ್ಕೆ ಬೆನ್ನಿಲ್ಲ, ಕೈಯಿಲ್ಲ.

ಎರಡೂವರೆಯ ಹೊತ್ತಿಗೆ ಅಕ್ಕ ನೀರು ಕುಡಿಯಲು ಒಳಗೆ ಹೋದರು. ಮೇಡಮ್ಮಿನ ಕಣ್ಣು ಮುಚ್ಚಿ ಬಹಳ ಹೊತ್ತಾಗಿತ್ತು, ತೆರೆದ ಪುಸ್ತಕದ ಪುಟ ಗಾಳಿಗೆ ತಾನೇ ಮಗುಚಿಕೊಳ್ಳುತ್ತಿತ್ತು. ಮಾಸ್ಟರ್ ಅತ್ತಿತ್ತ ನೋಡಿದರು. ನಾನೀಗ ನಿದ್ದೆಯನ್ನು ಕಾಯುತ್ತಿಲ್ಲ, ಮಷೀನನ್ನು ಕಾಯುತ್ತಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡು, ಅದನ್ನು ಹತ್ತಿರದಿಂದ ಕಾಯಲು ಹಣೆಯನ್ನು ಮೆಲ್ಲಗೆ ಅದರ ಮೇಲೆ ಇಟ್ಟರು. ನಾನು ಇಲ್ಲೇ ಇದ್ದೇನೆ... ಇಲ್ಲೇ ಇದ್ದೇನೆ... ಮಷೀನಿಗೆ ಹುಲ್ಲು ಹಾಕಬೇಕು...

"ಶ್!"

ಮಾಸ್ಟರ್ ಬೆಚ್ಚಿ ನೆಟ್ಟಗಾದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಡಮ್ ಹಾಗೆಯೇ ಕೂತಿದ್ದರು. ಕಣ್ಣು ಮುಚ್ಚಿತ್ತು, ಉಸಿರು ಉದ್ದಕ್ಕೆ ಎಳೆಯುತ್ತಿತ್ತು, ಬಲಗೈ ಬೆರಳೊಂದು ಮಾತ್ರ ಮೇಲೆದ್ದಿತ್ತು.

"ಇಪ್ಪತ್ತೇಳು ಇಂಚು ಆಯ್ತು ಮಾಸ್ಟರ್. ಏಳಿ."